ಹೊಸ ಪದಕ್ಕೆ ಹೊಸ ಅಕ್ಷರ ತೊಡಿಸಿದ ತಪ್ಪು

ದಪ್ಪ ಗೆರೆಯ, ಚೌಕ ಮೈಯ, ಮೂಲೆಯಲ್ಲಿ ಮಾತ್ರ ತುಸು ದುಂಡಾದ ಅಕ್ಷರಗಳೆಂದರೆ ನನಗೆ ಇವತ್ತಿಗೂ ಪ್ರೀತಿ. ಬಾಹ್ಯಾಕಾಶದ ಸಿನಿಮಾ, ವಿಡಿಯೋ ಗೇಮ್, ರೇಸ್ ಕಾರು, ಎಲೆಕ್ಟ್ರಾನಿಕ್ ಸಂಗೀತದ ಪೋಸ್ಟರ್, ಹೀಗೆ ನಾಳೆಯ ಲೋಕವನ್ನು ತೋರಿಸಬೇಕಾದ ಕಡೆಯಲ್ಲೆಲ್ಲ ಈ ಜಾತಿಯ ಅಕ್ಷರ ಬಂದು ಕೂರುತ್ತದೆ. ಇದರ ದೊಡ್ಡ ಬೇರೊಂದು ಇಟಲಿಯ ಟ್ಯೂರಿನ್ ನಗರದ ನೆಬಿಯೋಲೊ ಎಂಬ ಅಚ್ಚುಮೊಳೆ ಕಾರ್ಖಾನೆಯಲ್ಲಿದೆ. ಅಲ್ಲಿ ಅಲೆಸ್ಸಾಂಡ್ರೊ ಬುಟ್ಟಿ ಮತ್ತು ಆಲ್ಡೊ ನೊವಾರೆಸೆ 1952ರಲ್ಲಿ ಮೈಕ್ರೊಗ್ರಾಮಾ ಎಂಬ ಅಕ್ಷರಶೈಲಿಯನ್ನು ರೂಪಿಸಿದರು. ಆ ಕಾಲದ ಟೀವಿ ಪರದೆಯ ಆಕಾರವೇ ಅದರ ‘ಓ’ ಅಕ್ಷರದ್ದೂ ಆಗಿತ್ತು. ಹತ್ತು ವರ್ಷಗಳ ನಂತರ, 1962ರಲ್ಲಿ, ನೊವಾರೆಸೆ ಅದನ್ನೇ ಬೆಳೆಸಿ ಯೂರೋಸ್ಟೈಲ್ ಮಾಡಿದರು. ಸ್ಟ್ಯಾನ್ಲಿ ಕುಬ್ರಿಕ್ 1968ರಲ್ಲಿ ತೆಗೆದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಹಾಲ್ ಎಂಬ ಕಂಪ್ಯೂಟರಿನ ಪರದೆಗಳ ಮೇಲೆ ಮೂಡಿದ್ದು ಇದೇ ವಂಶದ ಅಕ್ಷರ. ಅಲ್ಲಿಂದಾಚೆಗೆ ಭವಿಷ್ಯಕ್ಕೆ ಒಂದು ಮುಖ ಸಿಕ್ಕಂತಾಯಿತು.

ಈ ಇತಿಹಾಸದಲ್ಲಿ ನಾನು ಬಹಳ ಕಾಲ ಗಮನಿಸದೆ ದಾಟಿಹೋದ ಒಂದು ಸಂಗತಿಯಿದೆ. ಮೈಕ್ರೊಗ್ರಾಮಾದಲ್ಲಿ ಇದ್ದದ್ದು ರೋಮನ್ ಲಿಪಿಯ ದೊಡ್ಡಕ್ಷರಗಳು ಮತ್ತು ಅಂಕಿಗಳು ಮಾತ್ರ. ಸಣ್ಣಕ್ಷರಗಳೇ ಇರಲಿಲ್ಲ. ಅಂದರೆ ಅದರಲ್ಲಿ ಒಂದು ಪುಟ ಗದ್ಯ ಜೋಡಿಸುವ ಆಸೆ ಯಾರಿಗೂ ಬರುವಂತಿರಲಿಲ್ಲ. ಶೀರ್ಷಿಕೆಗೆ, ಹೆಸರಿಗೆ, ಫಲಕದ ನೆತ್ತಿಗೆ ಎಂದೇ ಅದು ಹುಟ್ಟಿತ್ತು. ಅಕ್ಷರ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊಳೆ ಎರಕ ಹೊಯ್ದವರೇ ತೀರ್ಮಾನಿಸಿದ್ದರು. ನನ್ನ ಕೈಗೆ ಬಂದದ್ದು ಅಂಥ ಯಾವ ಗಡಿಯೂ ಇಲ್ಲದ ಕಂಪ್ಯೂಟರ್ ಫಾಂಟ್. ಗಡಿಯನ್ನು ನಾನೇ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಅದರ ಪರಿಣಾಮವನ್ನು ಅನುಭವಿಸಿದ್ದು ನಾನಲ್ಲ, ಶಾಲೆಯ ಮಕ್ಕಳು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದು ಸಂಸ್ಥೆಯವರು ಜಿಲ್ಲಾ ಕೇಂದ್ರವೊಂದರಲ್ಲಿ ವಿಜ್ಞಾನ ಪ್ರದರ್ಶನ ಏರ್ಪಡಿಸಿದ್ದರು. ಸುತ್ತಲಿನ ಹಳ್ಳಿಗಳ ಸರ್ಕಾರಿ ಶಾಲೆಗಳಿಂದ ಮಕ್ಕಳನ್ನು ಕರೆತರುವ ಯೋಜನೆ. ಆಮಂತ್ರಣ, ಪೋಸ್ಟರ್, ದಾರಿ ತೋರುವ ಫಲಕ, ಪ್ರತಿ ಮಾದರಿಯ ಪಕ್ಕದ ವಿವರಣೆ, ಎಲ್ಲವನ್ನೂ ವಿನ್ಯಾಸ ಮಾಡುವ ಕೆಲಸ ನನಗೆ ಒಪ್ಪಿಸಿದರು. ವಿಜ್ಞಾನವೆಂದ ಮೇಲೆ ಅಕ್ಷರವೂ ನಾಳೆಯದೇ ಆಗಬೇಕೆಂದು ನನ್ನ ಮನಸ್ಸು ಹಟ ಹಿಡಿಯಿತು. ರೋಮನ್ ಲಿಪಿಗಾದರೆ ಯೂರೋಸ್ಟೈಲ್ ಇದೆ, ಉಚಿತವಾಗಿ ಸಿಗುವ ಆರ್ಬಿಟ್ರಾನ್, ಮಿಕ್ರೋಮಾ ಇವೆ. ಕನ್ನಡದಲ್ಲಿ ನನ್ನ ಕಣ್ಣಿಗೆ ಒಪ್ಪುವಂಥದ್ದು ಸಿಗಲಿಲ್ಲ. ನಾನೇ ಬರೆಯಲು ಕೂತೆ.

ಕನ್ನಡ ದುಂಡು ಲಿಪಿ. ಅದನ್ನು ಚೌಕಕ್ಕೆ ತರುವಾಗ ಅಕ್ಷರ ಸುಮ್ಮನೆ ಬಾಗುವುದಿಲ್ಲ, ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ. ‘ದ’ದ ಒಳಗಿನ ಕೊಕ್ಕೆ ದಪ್ಪ ಗೆರೆಯಲ್ಲಿ ಹೂತುಹೋಗುತ್ತಿತ್ತು. ಅದನ್ನು ಮೋಟು ಮಾಡಿದೆ. ‘ಧ’ದ ಬುಡದ ಸೀಳು ಚೌಕದ ನೇರ ಅಂಚನ್ನು ಕೆಡಿಸುತ್ತಿತ್ತು. ಅದನ್ನು ಕೂದಲೆಳೆಯಷ್ಟು ಕಿರಿದು ಮಾಡಿದೆ. ‘ಷ’ದ ಹೊಟ್ಟೆಯ ಗೆರೆಯನ್ನು ಗಿಡ್ಡ ಮಾಡಿದೆ. ‘ಠ’ದ ನಡುವಿನ ಚುಕ್ಕೆಯನ್ನು ಅಂಚಿಗೆ ಸೇರಿಸಿದೆ. ತಲೆಕಟ್ಟನ್ನು ಮೇಲೊಂದು ಚಪ್ಪಟೆ ಪಟ್ಟಿಯಾಗಿಸಿದೆ. ಒತ್ತಕ್ಷರಗಳನ್ನು ಕುಗ್ಗಿಸಿ ಮೂಲ ಅಕ್ಷರದ ಬುಡಕ್ಕೆ ಅಂಟಿಸಿದೆ, ಏಕೆಂದರೆ ಅವು ಕೆಳಗೆ ಇಳಿಬಿದ್ದರೆ ಸಾಲುಗಳು ಒತ್ತಾಗಿ ಕೂರುತ್ತಿರಲಿಲ್ಲ. ಪರದೆಯ ಮೇಲೆ ದೊಡ್ಡದಾಗಿಸಿ ನೋಡಿದಾಗ ಒಂದೊಂದು ಅಕ್ಷರವೂ ಗಟ್ಟಿಯಾಗಿ, ಹೊಸದಾಗಿ ಹೊಳೆಯುತ್ತಿತ್ತು. ‘ವಿಜ್ಞಾನ’ ಎಂದು ಟೈಪಿಸಿ ನೋಡಿದ ಗಳಿಗೆಯ ಸಂತೋಷ ಸುಳ್ಳಾಗಿರಲಿಲ್ಲ. ಆ ಒಂದು ಪದದಲ್ಲಿ ಅಕ್ಷರಗಳು ನಿಜಕ್ಕೂ ಚೆನ್ನಾಗಿದ್ದವು.

ಕರಡು ತಿದ್ದಲು ಬರುತ್ತಿದ್ದ ಹಿರಿಯರೊಬ್ಬರು ಮೊಳೆ ಜೋಡಿಸುವ ಕಾಲದಿಂದ ಮುದ್ರಣದಲ್ಲೇ ಇದ್ದವರು. ವಿವರಣೆಯ ಹಾಳೆಗಳನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಅಕ್ಷರ ಚೆನ್ನಾಗಿದೆ ಕಣಪ್ಪಾ. ಆದ್ರೆ ಇದ್ರಲ್ಲಿ ನಾನು ತಪ್ಪು ಹುಡುಕೋದು ಹೇಗೆ? ದ ಯಾವುದು, ಧ ಯಾವುದು ಅಂತ ಕಣ್ಣಿಗೆ ಕಾಣ್ಬೇಕಲ್ಲ?”

“ಸಂದರ್ಭದಲ್ಲಿ ಗೊತ್ತಾಗುತ್ತೆ ಸಾರ್,” ಎಂದೆ.

ಅವರು ಮತ್ತೆ ವಾದಿಸಲಿಲ್ಲ. ಹಳೆಯ ಅಕ್ಷರದಲ್ಲಿ ಒಂದು ಪ್ರತಿ ತೆಗೆಸಿಕೊಂಡು, ಅದರಲ್ಲಿ ಕರಡು ತಿದ್ದಿ ಕೊಟ್ಟರು. ತಿದ್ದಲು ಹಳೆಯ ಅಕ್ಷರ ಬೇಕು, ಮಕ್ಕಳಿಗೆ ಓದಲು ನನ್ನ ಅಕ್ಷರ ಸಾಕು ಎಂದು ನಾನು ಅಂದುಕೊಂಡೆನಲ್ಲ, ನನ್ನ ತಪ್ಪಿನ ನಿಜವಾದ ಆರಂಭ ಅದು. ಅಕ್ಷರ ಬರೆದದ್ದಲ್ಲ. ಎಚ್ಚರಿಕೆ ಕೈಗೆ ಬಂದಾಗಲೂ ಅದು ಯಾರ ಪರವಾಗಿ ಬಂದಿದೆ ಎಂದು ಯೋಚಿಸದೆ ಇದ್ದದ್ದು.

ಪ್ರದರ್ಶನ ತೆರೆಯಿತು. ಬಾಗಿಲ ಮೇಲಿನ ದೊಡ್ಡ ಹೆಸರನ್ನು ಎಲ್ಲರೂ ಮೆಚ್ಚಿದರು. ಮಕ್ಕಳು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ಒಳಗೆ ‘ಹೊರ ಹೋಗುವ ದಾರಿ’ ಎಂಬ ಫಲಕದ ‘ದಾ’ ನೋಡಲು ‘ರಾ’ ಆಗಿತ್ತು. ಆದರೂ ಎಲ್ಲರೂ ‘ದಾರಿ’ ಎಂದೇ ಓದಿಕೊಂಡರು. ನನ್ನ ‘ಸಂದರ್ಭ’ ಕೆಲಸ ಮಾಡುತ್ತಿದೆ ಎಂದು ನನಗೆ ಧೈರ್ಯ ಬಂತು. ಆದರೆ ಮಾದರಿಗಳ ಪಕ್ಕದ ವಿವರಣೆಯ ಮುಂದೆ ಯಾರೂ ನಿಲ್ಲುತ್ತಿಲ್ಲ ಎಂಬುದೂ ಕಣ್ಣಿಗೆ ಬಿತ್ತು. ಮಕ್ಕಳು ಫಲಕದ ಕಡೆಗೊಮ್ಮೆ ನೋಡಿ, ಮೊದಲ ಸಾಲಿಗೆ ಬೆರಳಿಟ್ಟು, ಬಿಟ್ಟು ಮುಂದೆ ಹೋಗುತ್ತಿದ್ದರು. ಮಕ್ಕಳಿಗೆ ಓದುವ ತಾಳ್ಮೆ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನವನ್ನು ಒಬ್ಬ ವಿಜ್ಞಾನ ಶಿಕ್ಷಕಿ ಮುರಿದರು. ತಮ್ಮ ಶಾಲೆಯ ಹುಡುಗಿಯೊಬ್ಬಳ ಟಿಪ್ಪಣಿ ಪುಸ್ತಕವನ್ನು ತಂದು ನನ್ನ ಮುಂದೆ ಬಿಡಿಸಿದರು. ಬಿಟ್ಟು ಮುಂದೆ ಹೋಗದೆ, ನಿಂತು, ಕಷ್ಟಪಟ್ಟು ನಕಲು ಮಾಡಿಕೊಂಡವಳು ಅವಳು. ಸೌರಮಂಡಲದ ಫಲಕ ನೋಡಿ ‘ರೂಮಕೇತು’ ಎಂದು ಬರೆದಿದ್ದಳು. ವೃತ್ತದ ಫಲಕ ನೋಡಿ ‘ಪರಿರಿ’ ಎಂದು ಬರೆದಿದ್ದಳು. ‘ದ್ಯುತಿಸಂಶ್ಲೇಷಣೆ’ ಅವಳ ಪುಸ್ತಕದಲ್ಲಿ ‘ರ್ಯುತಿಸಂಶೇಪಣೆ’ ಆಗಿತ್ತು. ಧೂಮಕೇತು, ಪರಿಧಿ, ದ್ಯುತಿಸಂಶ್ಲೇಷಣೆ. ಮೂರೂ ಪದಗಳನ್ನು ಅವಳು ಮೊದಲ ಬಾರಿಗೆ ನೋಡಿದ್ದು ನನ್ನ ಫಲಕದಲ್ಲಿ.

“ಇದು ತಪ್ಪು ಅಂದ್ರೆ, ‘ಬೋರ್ಡಲ್ಲಿ ಹಾಗೇ ಇದೆ ಮಿಸ್’ ಅಂತಾಳೆ ಸರ್. ನಾನು ಕೆಂಪು ಇಂಕಲ್ಲಿ ತಿದ್ದಿದ್ರೆ ಆ ತಪ್ಪು ಯಾರ ಲೆಕ್ಕಕ್ಕೆ ಹಾಕ್ಲಿ?”

ನನ್ನ ಬಳಿ ಉತ್ತರವಿರಲಿಲ್ಲ. ಹುಡುಗಿ ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿದ್ದಳು. ಕಂಡದ್ದನ್ನು ಕಂಡಂತೆ ಬರೆದಿದ್ದಳು. ‘ದಾರಿ’ಯನ್ನು ಎಲ್ಲರೂ ಸರಿಯಾಗಿ ಓದಿದ್ದು ನನ್ನ ಅಕ್ಷರದಿಂದಲ್ಲ, ಆ ಪದ ಅವರ ಬಾಯಲ್ಲಿ ಮೊದಲೇ ಇದ್ದದ್ದರಿಂದ. ‘ಧೂಮಕೇತು’ ಅವಳ ಬಾಯಲ್ಲಿ ಇರಲಿಲ್ಲ. ಅದನ್ನು ಕಲಿಯಲೆಂದೇ ಅವಳು ಬಸ್ಸು ಹತ್ತಿ ಬಂದಿದ್ದಳು. ಸಂದರ್ಭ ಕೈಹಿಡಿಯುವುದು ಗೊತ್ತಿದ್ದವರನ್ನು ಮಾತ್ರ. ಗೊತ್ತಿಲ್ಲದವರಿಗೆ ಉಳಿಯುವುದು ಅಕ್ಷರವೊಂದೇ. ಆ ಒಂದು ಆಸರೆಯನ್ನು ನಾನು ಅಂದದ ಹೆಸರಿನಲ್ಲಿ ಕಿತ್ತುಕೊಂಡಿದ್ದೆ.

ವಿವರಣೆಯ ಫಲಕಗಳನ್ನೆಲ್ಲ ನನ್ನ ಖರ್ಚಿನಲ್ಲಿ ಸಾದಾ ಅಕ್ಷರದಲ್ಲಿ ಮತ್ತೆ ಮುದ್ರಿಸಿ ಹಾಕಿಸಿದೆ. ಆದರೆ ಅಷ್ಟರೊಳಗೆ ಬಂದುಹೋದ ಶಾಲೆಗಳ ಮಕ್ಕಳು ತಮ್ಮ ಪುಸ್ತಕಗಳಲ್ಲಿ ಏನೇನು ಬರೆದುಕೊಂಡು ಹೋದರೋ, ಅದನ್ನು ತಿದ್ದುವ ಅವಕಾಶ ನನಗೆ ಉಳಿದಿರಲಿಲ್ಲ.

ಆಮೇಲೆ ನಾನು ಪ್ರೀತಿಸುತ್ತಿದ್ದ ಅಕ್ಷರಗಳನ್ನೇ ಮತ್ತೆ ಹೊಸದಾಗಿ ಓದಲು ಕೂತೆ. ಅವು ಎಲ್ಲಿ ಗೆದ್ದಿವೆ, ಗೆದ್ದಲ್ಲಿ ಅವಕ್ಕೆ ಯಾರು ಎಷ್ಟು ಜಾಗ ಕೊಟ್ಟಿದ್ದರು ಎಂದು ಹುಡುಕಿದೆ.

ಅಮೆರಿಕದ ನಾಸಾ ಸಂಸ್ಥೆಗೆ 1975ರಲ್ಲಿ ರಿಚರ್ಡ್ ಡೇನ್ ಮತ್ತು ಬ್ರೂಸ್ ಬ್ಲ್ಯಾಕ್‌ಬರ್ನ್ ಅವರ ಕಚೇರಿ ಹೊಸ ಲಾಂಛನ ರೂಪಿಸಿತು. ‘ಹುಳು’ ಎಂದೇ ಎಲ್ಲರೂ ಕರೆಯುವ, ಒಂದೇ ದಪ್ಪದ ಕೆಂಪು ಗೆರೆಯಲ್ಲಿ ಹರಿಯುವ ನಾಲ್ಕು ಅಕ್ಷರಗಳು. ಅದರಲ್ಲಿ ಎರಡು ‘ಎ’ಗಳಿಗೂ ನಡುವಿನ ಅಡ್ಡಗೆರೆ ಇಲ್ಲ. ನಾನು ‘ಧ’ದ ಸೀಳಿಗೆ ಮಾಡಿದ್ದನ್ನೇ ಅವರು ‘ಎ’ಯ ಅಡ್ಡಗೆರೆಗೆ ಮಾಡಿದ್ದರು. ಆದರೂ ಓದುವವರು ಎಡವುವುದಿಲ್ಲ, ಏಕೆಂದರೆ ಅದು ನಾಲ್ಕೇ ಅಕ್ಷರದ, ಲೋಕವೆಲ್ಲ ಬಲ್ಲ ಹೆಸರು. ಇನ್ನೂ ಮುಖ್ಯವಾದ ಮಾತೆಂದರೆ, ಅದೇ ತಂಡ ಸಿದ್ಧಪಡಿಸಿದ ವಿನ್ಯಾಸ ಕೈಪಿಡಿಯಲ್ಲಿ ಮುದ್ರಣದ ಮುಖ್ಯ ಅಕ್ಷರವಾಗಿ ಆರಿಸಿದ್ದು ಹೆಲ್ವೆಟಿಕಾವನ್ನು. ಲಾಂಛನ ಎಷ್ಟು ಧೈರ್ಯದ್ದೋ, ಉಳಿದ ಮಾತು ಅಷ್ಟೇ ನಿರಾಡಂಬರ. 1992ರಲ್ಲಿ ಆ ಲಾಂಛನವನ್ನು ಕೈಬಿಟ್ಟರು. 2020ರಲ್ಲಿ ಗಗನಯಾತ್ರಿಗಳನ್ನು ಹೊತ್ತ ಫಾಲ್ಕನ್ ರಾಕೆಟ್ಟಿನ ಮೈಮೇಲೆ ಅದು ಮತ್ತೆ ಬಂತು. ರಾಕೆಟ್ಟಿನ ಮೈ ಅದಕ್ಕೆ ತಕ್ಕ ಜಾಗ: ಬಹಳ ದೊಡ್ಡ ಅಳತೆ, ಒಂದೇ ಪದ, ಎಲ್ಲರಿಗೂ ಗೊತ್ತಿರುವ ಪದ.

ಇನ್ನೊಂದು ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಚೆಕ್ ಪುಸ್ತಕ ತೆಗೆದು ಹಾಳೆಯ ಕೆಳಗಿನ ಬಿಳಿ ಪಟ್ಟಿ ನೋಡಿ. ಅಲ್ಲಲ್ಲಿ ಉಬ್ಬಿದ ಆ ವಿಚಿತ್ರ ಅಂಕಿಗಳ ಹೆಸರು ಇ-13ಬಿ. 1950ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳಿಗಾಗಿ ರೂಪಿಸಿದ್ದು. ಕಾಂತೀಯ ಶಾಯಿಯಲ್ಲಿ ಅಚ್ಚಾದ ಪ್ರತಿ ಅಂಕಿಯೂ ಯಂತ್ರಕ್ಕೆ ಬೇರೆ ಬೇರೆ ಸಂಕೇತ ಕೊಡಬೇಕೆಂದು ಆ ಉಬ್ಬುಗಳನ್ನು ಇಟ್ಟಿದ್ದಾರೆ. ಅದರಲ್ಲಿರುವುದು ಹತ್ತು ಅಂಕಿ, ನಾಲ್ಕು ಚಿಹ್ನೆ ಅಷ್ಟೇ. 1970ರಲ್ಲಿ ಲೆಟ್ರಾಸೆಟ್ ಕಂಪನಿಗಾಗಿ ಬಾಬ್ ನ್ಯೂಮನ್ ಮಾಡಿದ ಡೇಟಾ 70ರಂಥ ಅಕ್ಷರಗಳು ಆ ನೋಟವನ್ನು ಅಂಕಿಯಿಂದ ಅಕ್ಷರಕ್ಕೂ ಹಬ್ಬಿಸಿ, ಕಂಪ್ಯೂಟರ್ ಯುಗದ ಗುರುತಾಗಿ ಪೋಸ್ಟರುಗಳಿಗೆ ತಂದವು. ನಾನು ನೋಟಕ್ಕೆ ಮರುಳಾಗಿದ್ದೆ. ಮೂಲದಲ್ಲಿ ಆ ಪ್ರತಿ ಉಬ್ಬೂ ಒಂದು ಅಂಕಿ ಇನ್ನೊಂದರಂತೆ ಕಾಣದಿರಲಿ ಎಂಬ ಕಾಳಜಿಯಿಂದ ಬಂದದ್ದು. ನಾನು ಮಾಡಿದ್ದು ಅದಕ್ಕೆ ತೀರ ವಿರುದ್ಧ: ಬೇರೆ ಬೇರೆಯಾಗಿದ್ದ ಅಕ್ಷರಗಳನ್ನು ಚೆಲುವಿಗಾಗಿ ಒಂದೇ ತೆರನಾಗಿಸಿದ್ದು.

ಡಚ್ ವಿನ್ಯಾಸಕ ವಿಮ್ ಕ್ರೌವೆಲ್ 1967ರಲ್ಲಿ ‘ನ್ಯೂ ಆಲ್ಫಬೆಟ್’ ಎಂಬ ಅಕ್ಷರಮಾಲೆ ಪ್ರಕಟಿಸಿದರು. ಆಗಿನ ಪರದೆ ಯಂತ್ರಗಳಿಗೆ ಒಗ್ಗುವಂತೆ ಅಡ್ಡ ಮತ್ತು ನೇರ ಗೆರೆಗಳನ್ನೇ ಬಳಸಿ ಕಟ್ಟಿದ ಅದರಲ್ಲಿ ಎಷ್ಟೋ ಅಕ್ಷರಗಳನ್ನು ಗುರುತಿಸುವುದೇ ಕಷ್ಟ. ಅದು ಬಳಕೆಗೆ ಸಿದ್ಧವಾದ ಸರಕಾಗಿರಲಿಲ್ಲ, ಒಂದು ಚಿಂತನೆಯ ಪ್ರಯೋಗವಾಗಿತ್ತು. 1988ರಲ್ಲಿ ಜಾಯ್ ಡಿವಿಷನ್ ತಂಡದ ‘ಸಬ್‌ಸ್ಟೆನ್ಸ್’ ಸಂಗೀತ ಸಂಪುಟದ ಹೊದಿಕೆಗೆ ಆ ಅಕ್ಷರ ಬಂದಾಗಲೂ, ಓದಲು ಬರಲೆಂದು ಕೆಲವು ರೂಪಗಳನ್ನು ಬದಲಿಸಿಯೇ ಬಳಸಿದರು. ಒಂದು ಪದಕ್ಕೇ ಅಷ್ಟು ಎಚ್ಚರ ವಹಿಸಿದ್ದರು.

ನನ್ನ ಕಣ್ಣು ಪೂರ್ತಿ ತೆರೆಸಿದ್ದು ಪ್ಯಾರಿಸ್ಸಿನ ವಿಮಾನ ನಿಲ್ದಾಣ. 1974ರಲ್ಲಿ ತೆರೆದ ಚಾರ್ಲ್ಸ್ ಡಿ ಗಾಲ್ ನಿಲ್ದಾಣದ ಮೊದಲ ಕಟ್ಟಡ ಪಾಲ್ ಆಂಡ್ರೂ ಅವರ ಕೆಲಸ. ದುಂಡನೆಯ ಕಾಂಕ್ರೀಟು, ನಡುವಿನ ಬಯಲನ್ನು ಪಾರದರ್ಶಕ ಕೊಳವೆಗಳಲ್ಲಿ ದಾಟುವ ಚಲಿಸುವ ದಾರಿಗಳು. ಈಗ ನೋಡಿದರೂ ನಾಳೆಯದೇ ಎನಿಸುತ್ತದೆ. ಅದರ ಫಲಕಗಳ ಕೆಲಸ ಏಡ್ರಿಯನ್ ಫ್ರೂಟಿಗರ್ ಅವರದು. ಅಂಥ ಕಟ್ಟಡಕ್ಕೆ ಅವರು ಚೌಕ ಅಕ್ಷರ ತರಲಿಲ್ಲ. ತಾವೇ ಹಿಂದೆ ಮಾಡಿ ಹೆಸರಾಗಿದ್ದ ಯೂನಿವರ್ಸನ್ನೂ ಹಾಗೇ ತರಲಿಲ್ಲ. ದೂರದಿಂದ, ಓರೆಯಿಂದ, ನಡೆಯುತ್ತ ನೋಡಿದರೂ ತಪ್ಪದೆ ಓದಿಸಿಕೊಳ್ಳುವ ತೆರೆದ ಬಾಯಿಯ ಹೊಸ ಅಕ್ಷರ ಬರೆದರು. ಇವತ್ತು ಅವರ ಹೆಸರಿನಲ್ಲೇ ಇರುವ ಫ್ರೂಟಿಗರ್ ಅಕ್ಷರಶೈಲಿ ಹುಟ್ಟಿದ್ದು ಹೀಗೆ. ಕಟ್ಟಡ ಎಷ್ಟೇ ಹೊಸದಾಗಿರಲಿ, ವಿಮಾನ ತಪ್ಪಬಾರದೆಂದು ಓಡುವವನಿಗೆ ಬೇಕಾದದ್ದು ಬಾಗಿಲಿನ ಸಂಖ್ಯೆ. ವಿಜ್ಞಾನ ಪ್ರದರ್ಶನದ ಹುಡುಗಿಗೆ ಬೇಕಾಗಿದ್ದದ್ದು ಧೂಮಕೇತುವಿನ ‘ಧೂ’.

ಇವೆಲ್ಲವನ್ನೂ ಜೋಡಿಸಿ ನೋಡಿದ ಮೇಲೆ ನನಗೆ ದಕ್ಕಿದ ಸೂತ್ರ ಇಷ್ಟು: ಹೊಸ ಅಕ್ಷರವನ್ನು ಗೊತ್ತಿರುವ ಪದಕ್ಕೆ ತೊಡಿಸಬೇಕು, ಹೊಸ ಪದವನ್ನು ಗೊತ್ತಿರುವ ಅಕ್ಷರದಲ್ಲಿ ಬರೆಯಬೇಕು. ಶೀರ್ಷಿಕೆಯ ಅಕ್ಷರ ತನ್ನ ಚೆಲುವಿಗಾಗಿ ಲಿಪಿಯಿಂದ ಏನನ್ನೋ ಕಳೆಯುತ್ತದೆ. ಕಳೆದದ್ದನ್ನು ಓದುಗರ ನೆನಪು ತುಂಬಿಕೊಡುತ್ತದೆ. ನೆನಪು ತುಂಬಿಕೊಡಲಾರದ ಕಡೆ ಕಳೆಯುವ ಹಕ್ಕು ನಮಗಿಲ್ಲ.

ಹಾಗಾದರೆ ಇಂಥ ದಪ್ಪ, ಚೌಕ, ಭವಿಷ್ಯದ ಅಕ್ಷರ ಎಲ್ಲಿ ಸಲ್ಲುತ್ತದೆ? ಸಿನಿಮಾದ ಹೆಸರಿಗೆ ಸಲ್ಲುತ್ತದೆ, ಏಕೆಂದರೆ ಆ ಹೆಸರನ್ನು ಜನ ಕಿವಿಯಲ್ಲೂ ಕೇಳಿರುತ್ತಾರೆ. ವೈಜ್ಞಾನಿಕ ಕಾದಂಬರಿಯ ಮುಖಪುಟಕ್ಕೆ ಸಲ್ಲುತ್ತದೆ, ಅದೇ ಹೆಸರು ಒಳಪುಟದಲ್ಲಿ ಸಾದಾ ಅಕ್ಷರದಲ್ಲಿ ಇದ್ದೇ ಇರುತ್ತದೆ. ಗೇಮ್‌ನ ಲೋಗೋ, ಕಾಲೇಜು ಹಬ್ಬದ ವೇದಿಕೆಯ ಹಿನ್ನೆಲೆ, ಸಂಗೀತ ಕಛೇರಿಯ ಪೋಸ್ಟರಿನ ನೆತ್ತಿ, ಟೀ ಶರ್ಟಿನ ಎದೆ, ವಿಡಿಯೋದ ಆರಂಭದ ಶೀರ್ಷಿಕೆ ಇವೆಲ್ಲ ಅದರ ಮನೆಗಳು. ಒಂದು, ಎರಡು, ಹೆಚ್ಚೆಂದರೆ ಮೂರು ಪದ. ಸುತ್ತ ಧಾರಾಳ ಬಯಲು. ಪಕ್ಕದಲ್ಲಿ ಅದರಷ್ಟೇ ಕೂಗುವ ಇನ್ನೊಂದು ಅಕ್ಷರ ಬೇಡ.

ವ್ಯಕ್ತಿಯ ಹೆಸರು, ಊರಿನ ಹೆಸರು, ಔಷಧಿಯ ಹೆಸರು, ಬಸ್ಸಿನ ಫಲಕ, ಸಮಯ, ವಿಳಾಸ, ದೂರವಾಣಿ ಸಂಖ್ಯೆ, ಎಚ್ಚರಿಕೆಯ ಮಾತು, ಪಾಠ. ಇಲ್ಲೆಲ್ಲ ಅದು ಸಲ್ಲದು. ಅಂಕಿಗಳ ವಿಷಯದಲ್ಲಂತೂ ಇನ್ನೂ ಕಟ್ಟೆಚ್ಚರ ಬೇಕು. ಪದವನ್ನಾದರೆ ಅಂದಾಜಿನಲ್ಲಿ ಓದಿಕೊಳ್ಳಬಹುದು, ದೂರವಾಣಿ ಸಂಖ್ಯೆಗೆ ಅಂದಾಜೆಂಬುದಿಲ್ಲ. ಚೌಕ ಅಕ್ಷರದಲ್ಲಿ 0, 6, 8, 9 ಒಂದೇ ಪೆಟ್ಟಿಗೆಯ ನಾಲ್ಕು ರೂಪಗಳಾಗಿಬಿಡುತ್ತವೆ.

ಕನ್ನಡದಲ್ಲಿ ಇಂಥ ಅಕ್ಷರ ಬರೆಯುವ ಕಿರಿಯರಿಗೆ ಇನ್ನೂ ಕೆಲವು ಮಾತು ಹೇಳಬೇಕು. ರೋಮನ್ ಲಿಪಿಯ ವಿನ್ಯಾಸಕರು 26 ದೊಡ್ಡಕ್ಷರ ಬರೆದು ಶೀರ್ಷಿಕೆಯ ಫಾಂಟ್ ಮುಗಿಸಬಹುದು. ನಮ್ಮ ಲಿಪಿಯಲ್ಲಿ ಸ್ವರ, ವ್ಯಂಜನ, ಗುಣಿತ, ಒತ್ತು ಸೇರಿ ನೂರಾರು ರೂಪಗಳನ್ನು ಕಟ್ಟಬೇಕು. ಹಾಗಾಗಿ ಬಿಡಿ ಅಕ್ಷರದಲ್ಲಿ ಗೆದ್ದ ಉಪಾಯ ಜೋಡಿ ಅಕ್ಷರದಲ್ಲಿ ಸೋಲುತ್ತದೆ. ಮೊದಲು ರ, ಠ, ದ, ಧ, ಥ ಒಟ್ಟಿಗೆ ಬರೆದು ನೋಡಿ. ಆಮೇಲೆ ಪ, ಫ, ಷ, ವ, ಮ. ಆಮೇಲೆ ಡ, ಢ. ಈ ಕುಟುಂಬಗಳಲ್ಲಿ ಒಂದೊಂದು ಅಕ್ಷರವನ್ನೂ ಬೇರೆ ಮಾಡುವುದು ಒಂದು ಸೀಳು, ಒಂದು ಚುಕ್ಕೆ, ಒಂದು ಕೊಕ್ಕೆ, ಒಂದು ತೆರಪು. ಚೌಕಕ್ಕೆ ತರುವಾಗ ಉಳಿದದ್ದನ್ನೆಲ್ಲ ನೇರ ಮಾಡಿ. ಇವನ್ನು ಮಾತ್ರ ಕಿರಿದು ಮಾಡದೆ ಇನ್ನಷ್ಟು ಅಗಲ ಮಾಡಿ. ಮಹಾಪ್ರಾಣದ ಸೀಳು ದಪ್ಪ ಅಕ್ಷರದಲ್ಲಿ ತೆಳು ಅಕ್ಷರಕ್ಕಿಂತ ಹೆಚ್ಚು ತೆರೆದಿರಬೇಕು, ಏಕೆಂದರೆ ಫ್ಲೆಕ್ಸ್ ಮುದ್ರಣದಲ್ಲಿ, ಗೋಡೆಯ ಬಣ್ಣದಲ್ಲಿ, ಸಣ್ಣ ಪರದೆಯಲ್ಲಿ ಮೊದಲು ಮುಚ್ಚಿಹೋಗುವುದು ಅದೇ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಿ. ಸಾಲುಗಳ ಅಂತರವನ್ನು ಇಂಗ್ಲಿಷಿನ ಅಳತೆಯಲ್ಲಿ ಇಡಬೇಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿದರೆ ಎರಡೂ ಸಾಲು ಕೆಡುತ್ತವೆ.

ಬರೆಯಲೇಬೇಕೆಂಬ ಹಟವೂ ಎಲ್ಲ ಸಲ ಬೇಕಿಲ್ಲ. ದಪ್ಪಗೆ ದುಂಡಾಗಿ ಎದ್ದುಕಾಣುವ ಬಾಲೂ ತಮ್ಮ, ದಪ್ಪ ಮತ್ತು ಅಗಲ ಎರಡನ್ನೂ ಬೇಕಾದಷ್ಟು ಹಿಗ್ಗಿಸಬಹುದಾದ ಅನೇಕ್ ಕನ್ನಡ ಇವತ್ತು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಅನೇಕ್ ಅಕ್ಷರವನ್ನು ಅಗಲಿಸಿ ದಪ್ಪ ಮಾಡಿದರೆ ಶೀರ್ಷಿಕೆಗೆ ಆಧುನಿಕ ಗತ್ತು ಬರುತ್ತದೆ, ಅದೇ ಕುಟುಂಬದ ಸಾದಾ ರೂಪ ಕೆಳಗಿನ ವಿವರಣೆಯನ್ನು ಹೊರುತ್ತದೆ.

ಈಗ ನಾನು ಯಾವ ಶೀರ್ಷಿಕೆಯ ಅಕ್ಷರ ಬರೆದರೂ ಅದನ್ನು ಗೊತ್ತಿರುವ ಪದಗಳಲ್ಲಿ ಪರೀಕ್ಷಿಸುವುದಿಲ್ಲ. ‘ವಿಜ್ಞಾನ’ ಎಂದು ಟೈಪಿಸಿದರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತದೆ, ಏಕೆಂದರೆ ಉತ್ತರ ನನಗೆ ಮೊದಲೇ ಗೊತ್ತು. ಅರ್ಥವಿಲ್ಲದ ಅಕ್ಷರ ಸಾಲುಗಳನ್ನು, ‘ಧಠದಿಥ’ ‘ಷಪಫವ’ ಎಂಬಂಥವನ್ನು ಜೋಡಿಸಿ, ಮುದ್ರಿಸಿ, ನಿಜವಾಗಿ ನೋಡುವ ದೂರದಲ್ಲಿ ಅಂಟಿಸಿ, ಬೇರೆಯವರಿಂದ ಬರೆಸಿಕೊಳ್ಳುತ್ತೇನೆ. ಅವರು ಬರೆದದ್ದಕ್ಕೂ ನಾನು ಜೋಡಿಸಿದ್ದಕ್ಕೂ ವ್ಯತ್ಯಾಸ ಬಂದರೆ ತಿದ್ದಬೇಕಾದದ್ದು ಅಕ್ಷರವನ್ನು, ಓದುಗರನ್ನಲ್ಲ. ಕರಡು ತಿದ್ದುವವರಿಗೆ ಹೊಸ ಅಕ್ಷರದಲ್ಲೇ ಪ್ರತಿ ಕೊಡುತ್ತೇನೆ. ಅವರು ಹಳೆಯ ಅಕ್ಷರದ ಪ್ರತಿ ಬೇಕೆಂದರೆ ಆ ಅಕ್ಷರ ಆ ಜಾಗಕ್ಕೆ ತಕ್ಕದ್ದಲ್ಲ ಎಂದು ತಿಳಿದು ಅಲ್ಲಿಂದ ತೆಗೆಯುತ್ತೇನೆ.

ಕೆಲಸ ಕೊಡುವವರಲ್ಲಿಯೂ ಒಂದು ಕೋರಿಕೆ. ಮಾದರಿ ತೋರಿಸಿದಾಗ ಮುಖಪುಟ ಮಾತ್ರ ನೋಡಿ ಒಪ್ಪಿಗೆ ಕೊಡಬೇಡಿ. ಅತಿ ಸಣ್ಣ ಅಕ್ಷರದ, ಅತಿ ಉದ್ದ ಪದದ ಹಾಳೆಯನ್ನು ಕೇಳಿ ತೆಗೆಸಿ, ಆ ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಪದಗಳ ಪಟ್ಟಿಯೊಂದಿಗೆ ಆ ಹಾಳೆಯನ್ನು ವಿನ್ಯಾಸಕರಿಗೆ ಹಿಂದಿರುಗಿಸಿ. ಅಂಥ ಪಟ್ಟಿಯೊಂದು ನನಗೆ ಮೊದಲೇ ಸಿಗಬಹುದಿತ್ತು. ಕೇಳುವ ಮನಸ್ಸು ನನಗಿರಲಿಲ್ಲ.